ಐದನೇ ಕ್ಲಾಸಿಗೆ ಬಂದರೂ ಓದೋಕೆ ಬರಲ್ವಾ?

ಬಾಯಿಪಾಠ ಮಾಡಿದ ಪದ್ಯವನ್ನು ಹುಡುಗ ತಡವರಿಸದೆ ಹೇಳುತ್ತಾನೆ. ಅದೇ ಪುಸ್ತಕದ ಬೇರೆ ಪುಟ ತೆಗೆದು ‘ಓದು’ ಅಂದರೆ ಸುಮ್ಮನಾಗುತ್ತಾನೆ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿರಲಿ, ಮಂಗಳೂರು ಕಡೆ ಇರಲಿ, ಇಂಥ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗೆ ಬೇಗನೆ ಅಂಟುವ ಹೆಸರು ‘ದಡ್ಡ’.

ಆದರೆ ಇವರಲ್ಲಿ ಎಷ್ಟೋ ಮಕ್ಕಳು ಮದ್ರಸದಲ್ಲಿ ಉಸ್ತಾದರ ಮುಂದೆ ಕೂತು ಖುರ್‌ಆನ್ ಓದುತ್ತಾರೆ. ಅಕ್ಷರ ಗುರುತಿಸಿ ಸ್ವರ ಸೇರಿಸುವ ಶಕ್ತಿ ಇಲ್ಲದಿದ್ದರೆ ಅದು ಆಗುತ್ತಿತ್ತೇ? ಮಗು ದಡ್ಡ ಅಲ್ಲ, ಕನ್ನಡದ ಓದಿನಲ್ಲಿ ಎಲ್ಲೋ ಒಂದು ಮೆಟ್ಟಿಲು ತಪ್ಪಿದೆ, ಅಷ್ಟೆ.

ಭಾಷೆಯ ತೊಡಕೂ ಇದೆ. ಭಟ್ಕಳದ ಮನೆಗಳಲ್ಲಿ ನವಾಯತಿ, ನಮ್ಮಲ್ಲಿ ಬ್ಯಾರಿ. ಅರಬಿ, ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಕಿವಿಗೆ ಬೀಳದ ಭಾಷೆಯ ಪದವನ್ನು ಮಗು ಕೂಡಿಸಿ ಓದಿದರೂ ಅರ್ಥ ಹೊಳೆಯದು. ಮೂರನೇ, ನಾಲ್ಕನೇ ತರಗತಿಯಲ್ಲಿ ಪಾಠ ಮುಂದೆ ಓಡುತ್ತದೆ, ಮಗು ಕಾಗುಣಿತದಲ್ಲೇ ನಿಂತಿರುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. 2024ರ ‘ಅಸರ್’ ವರದಿಯಂತೆ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 48.8 ಮಾತ್ರ.

ಇದಕ್ಕೆ ‘ಪ್ರಥಮ್’ ಸಂಸ್ಥೆ ಕಂಡುಕೊಂಡ ದಾರಿ ಸರಳ. ಮೊದಲು ಮಗುವಿನಿಂದ ಅಕ್ಷರ, ಪದ, ಪುಟ್ಟ ಪ್ಯಾರಾ, ಕಥೆ ಓದಿಸಿ ಎಲ್ಲಿ ನಿಲ್ಲುತ್ತದೆ ಅಂತ ನೋಡುವುದು. ಆಮೇಲೆ ತರಗತಿ ಬದಿಗಿಟ್ಟು, ಒಂದೇ ಮಟ್ಟದ ಮಕ್ಕಳನ್ನು ಗುಂಪು ಮಾಡಿ ದಿನಾ ಒಂದಷ್ಟು ಹೊತ್ತು ಓದಿಸುವುದು. ನಮ್ಮ ಶಿಕ್ಷಣ ಇಲಾಖೆ 4 ಮತ್ತು 5ನೇ ತರಗತಿಯವರಿಗೆ ನಡೆಸಿದ ‘ಓದು ಕರ್ನಾಟಕ’ದ ತಿರುಳೂ ಇದೇ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಈ ಕ್ರಮವನ್ನು ಪರೀಕ್ಷಿಸಿ, ಫಲ ಇದೆ ಅಂದಿದ್ದಾರೆ.

ನಿಜ ಹೇಳಬೇಕೆಂದರೆ ನಮಗಿದು ಹೊಸತಲ್ಲ. ಖಾಯಿದಾ ಗಟ್ಟಿಯಾಗದೆ ಉಸ್ತಾದರು ಮುಂದಿನ ಸಬಕ್ ಕೊಡುವುದಿಲ್ಲ. ಪಕ್ಕದ ಹುಡುಗ ಎಲ್ಲಿದ್ದಾನೆ ಅನ್ನುವುದು ಲೆಕ್ಕಕ್ಕಿಲ್ಲ, ಅವರವರ ಸಬಕ್ ಅವರವರದು. ಕನ್ನಡಕ್ಕೂ ಅದೇ ತಾಳ್ಮೆ ಬೇಕು.

ಮನೆಯಲ್ಲೇ ಶುರು ಮಾಡಬಹುದು. ಎರಡನೇ ತರಗತಿಯ ಕನ್ನಡ ಪುಸ್ತಕ ತೆಗೆದು ಓದಿಸಿ. ‘ಕ-ಕಾ-ಕಿ’ಯಲ್ಲಿ ತಡೆದರೆ ಅಲ್ಲಿಂದ, ‘ಪುಸ್ತಕ’ ಅನ್ನುವ ಒತ್ತಕ್ಷರದಲ್ಲಿ ತಡೆದರೆ ಅಲ್ಲಿಂದ. ದಿನಕ್ಕೆ ಅರ್ಧ ಗಂಟೆ ಸಾಕು. ಓದಿದ್ದನ್ನು ಬ್ಯಾರಿಯಲ್ಲೋ ನವಾಯತಿಯಲ್ಲೋ ಹೇಳಿಸಿ, ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕನ್ನಡ ಬಾರದ ಉಮ್ಮ ಪಕ್ಕದಲ್ಲಿ ಕೂತು ಕೇಳಿದರೂ ಮಗುವಿಗೆ ಧೈರ್ಯ. ಅಕ್ಕ, ಅಣ್ಣ ತಿದ್ದಲಿ. ಪಂಚಾಯತ್ ಗ್ರಂಥಾಲಯದಿಂದ ಕಥೆಪುಸ್ತಕ ತನ್ನಿ. ಬೈಗುಳ ಮಾತ್ರ ಬೇಡ.

ತಿಂಗಳುಗಟ್ಟಲೆ ಓದಿಸಿದರೂ ಅಕ್ಷರ ಅದಲುಬದಲಾಗುತ್ತಲೇ ಇದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ. ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸಿದೆ.

ಮುಂದಿನ ಸಲ ಶಾಲೆಗೆ ಹೋದಾಗ ‘ಎಷ್ಟು ಮಾರ್ಕು?’ ಅನ್ನಬೇಡಿ. ‘ಟೀಚರೇ, ನಮ್ಮ ಮಗ ಯಾವ ಹಂತದವರೆಗೆ ಓದ್ತಾನೆ?’ ಅಂತ ಕೇಳಿ. ಏಳನೇ ತರಗತಿಯಲ್ಲಿ ಶಾಲೆ ಬಿಡುವ ಹುಡುಗನನ್ನು ಐದರಲ್ಲೇ ಹಿಡಿದು ನಿಲ್ಲಿಸುವ ಪ್ರಶ್ನೆ ಅದು.