ಕಂಪನಿ ಮುಚ್ಚಿತು, ಗಡಿಯಾರ ನಿಲ್ಲಲಿಲ್ಲ

ನಮ್ಮ ಹಿರಿಯರಿಗೂ ಅವರ ಕೈಗಡಿಯಾರಕ್ಕೂ ಒಂದು ನಿತ್ಯದ ನಂಟಿತ್ತು. ಬೆಳಿಗ್ಗೆ ಸ್ನಾನ ಪೂಜೆಗಳು ಮುಗಿದ ಮೇಲೆ ಗಡಿಯಾರಕ್ಕೆ ಕೀಲಿ ಕೊಟ್ಟು, ಕಿವಿಗೆ ಹಿಡಿದು ಅದರ ಸದ್ದನ್ನು ಆಲಿಸಿ, ಆಮೇಲೆ ಕೈಗೆ ಕಟ್ಟಿಕೊಳ್ಳುವುದು ಅನೇಕ ಮನೆಗಳ ರೂಢಿಯಾಗಿತ್ತು. ಆ ಗಡಿಯಾರ ಬಹುಮಟ್ಟಿಗೆ ಎಚ್.ಎಂ.ಟಿ.ಯದೇ ಆಗಿರುತ್ತಿತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಗಡಿಯಾರಗಳ ತಯಾರಿಕೆಯನ್ನು ನಡೆಸುತ್ತಿದ್ದ ಸಂಸ್ಥೆಗೆ 2016ರ ಜನವರಿಯಲ್ಲಿ ಕೊನೆಯ ಮೊಹರು ಬಿದ್ದಿತು. ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆದರೆ ಕೈಗಳ ಮೇಲಿದ್ದ ಗಡಿಯಾರಗಳು ಅಂದೇ ನಿಂತುಹೋಗಲಿಲ್ಲ. ಊರಿನ ರಿಪೇರಿ ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ತೆಗೆದು, ಧೂಳು ಒರೆಸಿ, ಎಣ್ಣೆ ಬಿಟ್ಟು ಅವುಗಳನ್ನು ನಡೆಸುತ್ತಲೇ ಬಂದನು.

ಅದೇ 2016ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇನ್ನೊಂದು ಗಡಿಯಾರ ಕಂಪನಿ ಬಾಗಿಲು ಹಾಕಿತು. ಅದರ ಹೆಸರು ಪೆಬಲ್. ಇಂದು ನಾವೆಲ್ಲ ಸ್ಮಾರ್ಟ್ ವಾಚ್ ಎಂದು ಕರೆಯುವ, ಮುಂಗೈ ಮೇಲಿನ ಪುಟ್ಟ ಗಣಕಯಂತ್ರವನ್ನು ಅದು ತಯಾರಿಸುತ್ತಿತ್ತು. ಅಂತಹ ಗಡಿಯಾರ ಕೈಕೊಟ್ಟರೆ ಭೂತಗನ್ನಡಿಯ ರಿಪೇರಿಯವನು ಏನೂ ಮಾಡಲಾರ. ಅದರ ಜೀವವಿರುವುದು ತಂತ್ರಾಂಶದಲ್ಲಿ; ಆ ತಂತ್ರಾಂಶಕ್ಕೆ ಆಸರೆಯಾಗಿರುವುದು ದೂರದ ಕಂಪನಿಯ ಗಣಕಗಳು. ಆದರೂ ಆ ಗಡಿಯಾರಗಳು ಉಳಿದವು. ಅವುಗಳನ್ನು ಉಳಿಸಿದವರು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ, ಸ್ವಸಂತೋಷಕ್ಕಾಗಿ ಕ್ರಮವಿಧಿ ಬರೆಯುವ ಹವ್ಯಾಸಿಗಳು. ಅವರ ಕೆಲಸದ ಪರಿಚಯವನ್ನು ಓದುಗರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಸೈಕಲ್ಲಿನ ಮೇಲೆ ಹುಟ್ಟಿದ ಯೋಚನೆ

ಗಣಕವನ್ನು ಮುಂಗೈಗೆ ಕಟ್ಟಿಕೊಳ್ಳುವ ಆಸೆ ಹೊಸದಲ್ಲ. ಜಪಾನಿನ ಸೈಕೋ ಸಂಸ್ಥೆ 1998ರಲ್ಲಿಯೇ ರಪ್ಯೂಟರ್ ಎಂಬ ಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ಅಡ್ಡಕ್ಕೆ 102, ಉದ್ದಕ್ಕೆ 64 ಚುಕ್ಕೆಗಳಿದ್ದ ಅದರ ಪರದೆಗಾಗಿ ಹವ್ಯಾಸಿಗಳು ಆಗಲೇ ಪುಟ್ಟ ಪುಟ್ಟ ಕ್ರಮವಿಧಿಗಳನ್ನು ಬರೆದರು. ಆದರೆ ಅಂತಹವರ ಸಂಖ್ಯೆ ಬೆರಳೆಣಿಕೆಯಷ್ಟಿತ್ತು.

ಪೆಬಲ್ ಕಂಪನಿಯನ್ನು ಸ್ಥಾಪಿಸಿದ ಎರಿಕ್ ಮಿಜಿಕೊವ್‌ಸ್ಕಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. 2008ರಲ್ಲಿ ವ್ಯಾಸಂಗಕ್ಕಾಗಿ ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ನಗರಕ್ಕೆ ಹೋಗಿದ್ದಾಗ, ಸೈಕಲ್ ತುಳಿಯುತ್ತಲೇ ಫೋನಿಗೆ ಬಂದ ಸಂದೇಶವನ್ನು ಓದುವುದು ಹೇಗೆಂಬ ಯೋಚನೆ ಅವರಿಗೆ ಬಂದಿತು. ಸಂದೇಶ ಮುಂಗೈ ಮೇಲೆಯೇ ಮೂಡಿದರೆ ಕೈ ಹಿಡಿಕೆಯನ್ನು ಬಿಡಬೇಕಾಗಿಲ್ಲ. ಕೆಲವು ವರ್ಷಗಳ ಪ್ರಯತ್ನದ ಅನಂತರ, 2012ರ ಏಪ್ರಿಲ್‌ನಲ್ಲಿ ಅವರು ಕಿಕ್‌ಸ್ಟಾರ್ಟರ್ ಎಂಬ ತಾಣದ ಮೂಲಕ ಜನರಿಂದಲೇ ಬಂಡವಾಳ ಬೇಡಿದರು. ಕೇಳಿದ್ದು 1 ಲಕ್ಷ ಡಾಲರ್. ಸುಮಾರು 69 ಸಾವಿರ ಜನರಿಂದ ಬಂದುದು 1 ಕೋಟಿ 2 ಲಕ್ಷ ಡಾಲರಿಗೂ ಹೆಚ್ಚು. ಗಡಿಯಾರಗಳು 2013ರ ಜನವರಿಯಿಂದ ಕೈಸೇರತೊಡಗಿದವು.

ಮಿಜಿಕೊವ್‌ಸ್ಕಿ ಮಾಡಿದ ಇನ್ನೊಂದು ಜಾಣತನದ ಕೆಲಸವೆಂದರೆ, ಗಡಿಯಾರಕ್ಕೆ ಬೇಕಾದ ಆ್ಯಪ್‌ಗಳನ್ನು ಬರೆಯುವ ಉಪಕರಣಗಳನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟದ್ದು. ಆ್ಯಪ್ ಎಂದರೆ ಒಂದು ನಿರ್ದಿಷ್ಟ ಕೆಲಸಕ್ಕಾಗಿ ಬರೆದ ಕಿರು ತಂತ್ರಾಂಶ. ಗಣಕದಲ್ಲಿ ಏನನ್ನೂ ಸ್ಥಾಪಿಸಿಕೊಳ್ಳದೆ ಅಂತರಜಾಲದಲ್ಲಿಯೇ ಆ್ಯಪ್ ಬರೆದು ಗಡಿಯಾರಕ್ಕೆ ಕಳುಹಿಸುವ ಒಂದು ಸೌಲಭ್ಯವನ್ನು ಮೊದಲು ಕಟ್ಟಿದವಳೂ ಹವ್ಯಾಸಿಯೇ. ಮುಂದೆ ಕಂಪನಿ ಆಕೆಯನ್ನೇ ಕೆಲಸಕ್ಕೆ ಕರೆದುಕೊಂಡಿತು. 2014ರಲ್ಲಿ ಆರಂಭವಾದ ಪೆಬಲ್ ಆ್ಯಪ್ ಭಂಡಾರದಲ್ಲಿ ಹಣ ಪಡೆಯುವ ವ್ಯವಸ್ಥೆಯೇ ಇರಲಿಲ್ಲ. ಬೇರೆ ದಾರಿಯಿಂದ ಅಲ್ಪ ಮೊತ್ತವನ್ನು ಕೇಳಿದವರೂ ಉಂಟು. ಬಹುಪಾಲು ಜನ ತಮ್ಮ ಶ್ರಮವನ್ನು ಹಾಗೆಯೇ ಹಂಚಿದರು. ಬಸ್ಸು ಬರುವ ವೇಳೆ, ಚಹಾ ಕುದಿಯುವ ಅವಧಿ, ನಿದ್ರೆಯ ಲೆಕ್ಕ, ನೂರಾರು ಬಗೆಯ ಗಡಿಯಾರದ ಮುಖಗಳು, ಹೀಗೆ ಭಂಡಾರದ ಸಂಖ್ಯೆ ಹತ್ತು ಸಾವಿರವನ್ನು ದಾಟಿತು.

ಪುಟ್ಟ ಮನೆಯ ಸಂಸಾರ

ಈ ಕೆಲಸದ ಸೊಗಸೆಲ್ಲ ಅದರ ಮಿತಿಯಲ್ಲಿದೆ. ಮೊದಲ ಪೆಬಲ್ ಗಡಿಯಾರದ ಪರದೆಯಲ್ಲಿ ಅಡ್ಡಕ್ಕೆ 144, ಉದ್ದಕ್ಕೆ 168 ಚುಕ್ಕೆಗಳು, ಒಟ್ಟು 24,192. ಪ್ರತಿ ಚುಕ್ಕೆಯೂ ಕಪ್ಪು ಇಲ್ಲವೆ ಬಿಳುಪು, ನಡುವಣ ಬಣ್ಣವಿಲ್ಲ. ಪರದೆಯನ್ನು ಮುಟ್ಟಿ ಪ್ರಯೋಜನವಿಲ್ಲ. ಎಡಕ್ಕೆ ಒಂದು, ಬಲಕ್ಕೆ ಮೂರು ಗುಂಡಿಗಳಷ್ಟೆ. ಹವ್ಯಾಸಿಯ ಕ್ರಮವಿಧಿಗೂ ಅದು ಮಾಡುವ ಲೆಕ್ಕಾಚಾರಕ್ಕೂ ಸೇರಿ ಸಿಗುತ್ತಿದ್ದ ನೆನಪಿನ ಜಾಗ 24 ಕಿಲೋಬೈಟ್. ಗಣಕದ ರೂಢಿಯ ಲಿಪಿಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ 3 ಬೈಟ್ ಬೇಕು. ಹಾಗೆ ಎಣಿಸಿದರೆ, ಓದುಗರು ಈಗ ಓದುತ್ತಿರುವ ಈ ಲೇಖನವೇ ಆ ಜಾಗದಲ್ಲಿ ಹಿಡಿಸದು!

ಇಷ್ಟು ಪುಟ್ಟ ಮನೆಯಲ್ಲಿ ಸಂಸಾರ ಹೂಡಬೇಕಾದರೆ ಗೃಹಿಣಿಯ ಜಾಣ್ಮೆ ಬೇಕು. ಪೆಬಲ್ ಆ್ಯಪ್‌ಗಳನ್ನು ಬರೆಯುವುದು ಸಿ ಎಂಬ ಹಳೆಯ ಗಣಕಭಾಷೆಯಲ್ಲಿ. ಅದರಲ್ಲಿ ನೆನಪಿನ ಜಾಗವನ್ನು ಕೇಳಿ ಪಡೆದವನೇ ಅದನ್ನು ಹಿಂದಿರುಗಿಸಬೇಕು. ಮದುವೆಗೆಂದು ನೆರೆಮನೆಗಳಿಂದ ತಂದ ಪಾತ್ರೆಗಳನ್ನು ಕಾರ್ಯ ಮುಗಿದ ಮೇಲೆ ಎಣಿಸಿ ತೊಳೆದು ಮರಳಿಸುವಂತೆಯೇ ಇದು. ಮರೆತರೆ ಜಾಗವೆಲ್ಲ ತುಂಬಿ ಆ್ಯಪ್ ನಡುವೆಯೇ ನಿಂತುಬಿಡುತ್ತದೆ.

ವಿದ್ಯುತ್ತಿನ ಲೆಕ್ಕವೂ ಇಷ್ಟೇ ಬಿಗಿ. ಗಡಿಯಾರದ ಮುಖವೊಂದನ್ನು ಬರೆದವನು, ತನ್ನ ಕ್ರಮವಿಧಿಯನ್ನು ನಿಮಿಷಕ್ಕೊಮ್ಮೆ ಎಬ್ಬಿಸಬೇಕೋ ಸೆಕೆಂಡಿಗೊಮ್ಮೆ ಎಬ್ಬಿಸಬೇಕೋ ಎಂಬುದನ್ನು ತಾನೇ ಗೊತ್ತುಮಾಡುತ್ತಾನೆ. ನಿಮಿಷಕ್ಕೊಮ್ಮೆಯಾದರೆ ದಿನಕ್ಕೆ 1,440 ಬಾರಿ ಎಚ್ಚರ. ಸೆಕೆಂಡಿಗೊಮ್ಮೆಯಾದರೆ 86,400 ಬಾರಿ. ಸೆಕೆಂಡಿನ ಮುಳ್ಳು ಓಡುವುದನ್ನು ನೋಡುವ ಚಪಲಕ್ಕೆ ಬ್ಯಾಟರಿಯ ಆಯುಷ್ಯ ಬಹಳ ಕುಗ್ಗುತ್ತದೆ. ಕೆಲಸವಿಲ್ಲದಾಗ ಮಲಗಿ, ಕರೆದಾಗ ಎದ್ದು, ಕೆಲಸ ಮುಗಿಸಿ ಮತ್ತೆ ಮಲಗುವ ಕ್ರಮವಿಧಿಯೇ ಇಲ್ಲಿ ಉತ್ತಮ. ಈ ಮಿತವ್ಯಯದಿಂದಲೇ ಆ ಗಡಿಯಾರ ಒಮ್ಮೆ ವಿದ್ಯುತ್ ತುಂಬಿದರೆ ಐದಾರು ದಿನ ನಡೆಯುತ್ತಿತ್ತು.

ಕನ್ನಡದ ಮಟ್ಟಿಗೆ ಒಂದು ಮಾತನ್ನು ಇಲ್ಲಿ ಹೇಳಬೇಕು. ಒತ್ತಕ್ಷರ ಗುಣಿತಾಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸುವುದು ಇಷ್ಟು ಚಿಕ್ಕ ಗಣಕಕ್ಕೆ ಕಷ್ಟದ ಕೆಲಸ. ಆದರೆ ಅಂಕಿಗಳಿಗೆ ಆ ಗೊಡವೆಯಿಲ್ಲ. ಒಂದು ಕನ್ನಡ ಅಕ್ಷರವಿನ್ಯಾಸದಿಂದ ಹತ್ತು ಅಂಕಿಗಳನ್ನಷ್ಟೇ ಆರಿಸಿಕೊಂಡು, ಗಡಿಯಾರ ಕೊಡುವ 1, 2, 3ಗಳನ್ನು ೧, ೨, ೩ಗಳಾಗಿ ಬದಲಿಸುವ ಕೆಲವೇ ಸಾಲುಗಳನ್ನು ಬರೆದರೆ ಕನ್ನಡ ಅಂಕಿಗಳ ಗಡಿಯಾರ ಮುಂಗೈ ಮೇಲೆ ಮೂಡುತ್ತದೆ. ಯಾವ ಕಂಪನಿಯೂ ಲಾಭದ ದೃಷ್ಟಿಯಿಂದ ಮಾಡಲು ಮನಸ್ಸು ಮಾಡದ ಇಂತಹ ಕೆಲಸಗಳೇ ಹವ್ಯಾಸಿಯ ಪಾಲಿನವು.

ಬಾಗಿಲು ಮುಚ್ಚಿದ ಮೇಲೆ

2015ರಲ್ಲಿ ಆ್ಯಪಲ್ ಕಂಪನಿಯ ಗಡಿಯಾರ ಮಾರುಕಟ್ಟೆಗೆ ಬಂದಿತು. ಪೆಬಲ್ ಅದೇ ವರ್ಷ 64 ಬಣ್ಣಗಳ ಹೊಸ ಗಡಿಯಾರಕ್ಕಾಗಿ ಜನರಿಂದ 2 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿದರೂ ದೊಡ್ಡವರ ಎದುರು ನಿಲ್ಲಲಾಗಲಿಲ್ಲ. 2016ರ ಡಿಸೆಂಬರಿನಲ್ಲಿ ಅದರ ತಂತ್ರಾಂಶದ ಆಸ್ತಿಯನ್ನು ಫಿಟ್‌ಬಿಟ್ ಕಂಪನಿ ಕೊಂಡುಕೊಂಡಿತು. ಗಡಿಯಾರಗಳ ತಯಾರಿಕೆ ನಿಂತಿತು. ಗಡಿಯಾರಗಳಿಗೆ ಆಸರೆಯಾಗಿದ್ದ ಗಣಕಸೇವೆಗಳನ್ನು ಫಿಟ್‌ಬಿಟ್ 2018ರ ಜೂನ್ 30ರವರೆಗೆ ನಡೆಸಿತು.

ಆ ದಿನಾಂಕದ ಅರ್ಥವೇನೆಂಬುದನ್ನು ಗಮನಿಸಬೇಕು. ಗಡಿಯಾರದೊಳಗಿನ ಯಂತ್ರಕ್ಕೆ ಯಾವ ಕುಂದೂ ಬಂದಿರಲಿಲ್ಲ. ಆದರೆ ಹೊಸ ಆ್ಯಪ್ ಪಡೆಯುವ ಭಂಡಾರ, ಹವಾಮಾನದ ಮಾಹಿತಿ, ಮಾತನ್ನು ಬರಹಕ್ಕಿಳಿಸುವ ಸೌಲಭ್ಯ ಇವೆಲ್ಲ ಅಂದಿಗೆ ಮುಗಿಯಬೇಕಾಗಿತ್ತು. ಸಾವಿರಾರು ಜನ ರಾತ್ರಿಗಳನ್ನು ಕಳೆದು ಬರೆದು ಹಂಚಿದ ಆ್ಯಪ್‌ಗಳು ಭಂಡಾರದೊಡನೆಯೇ ಅಳಿಸಿಹೋಗಬೇಕಾಗಿತ್ತು. ಹವ್ಯಾಸಿಯ ಬಾಳಿನ ದೊಡ್ಡ ಅಪಾಯವೇ ಇದು. ಅವನು ಬಿತ್ತುವ ಹೊಲ ಅವನದಲ್ಲ.

ಇಲ್ಲಿ ಹವ್ಯಾಸಿಗಳ ಒಗ್ಗಟ್ಟು ಕೆಲಸಕ್ಕೆ ಬಂದಿತು. ಕಂಪನಿ ಮುಚ್ಚುವ ಸುದ್ದಿ ಬಂದೊಡನೆಯೇ ರೆಬಲ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಒಂದುಗೂಡಿದರು. ಗಡುವು ಮುಗಿಯುವ ಮುನ್ನ ಭಂಡಾರದ ಆ್ಯಪ್‌ಗಳನ್ನು ಪ್ರತಿ ಮಾಡಿಟ್ಟುಕೊಂಡರು. ನಿಂತುಹೋಗಲಿದ್ದ ಸೇವೆಗಳಿಗೆ ಬದಲಿ ಸೇವೆಗಳನ್ನು ಕಟ್ಟಿದರು. ಆ್ಯಪ್‌ಗಳನ್ನು ಉಚಿತವಾಗಿಟ್ಟು, ತಮಗೇ ಖರ್ಚು ಬೀಳುವ ಹವಾಮಾನ ಮತ್ತು ಧ್ವನಿಯ ಸೇವೆಗಳಿಗೆ ಮಾತ್ರ ಅಲ್ಪ ಚಂದಾ ಪಡೆದರು. ಹೀಗೆ ಕಂಪನಿಯಿಲ್ಲದ ಗಡಿಯಾರ ವರ್ಷದ ಮೇಲೆ ವರ್ಷ ನಡೆಯಿತು.

ಮುಂದೆ ಫಿಟ್‌ಬಿಟ್ ಸಂಸ್ಥೆಯನ್ನು ಗೂಗಲ್ ಕೊಂಡಿತು. 2021ರ ಜನವರಿಯಲ್ಲಿ ಆ ವ್ಯವಹಾರ ಮುಗಿಯಿತು. 2025ರ ಜನವರಿಯಲ್ಲಿ ಗೂಗಲ್ ಪೆಬಲ್ ಗಡಿಯಾರದ ಮೂಲ ತಂತ್ರಾಂಶವನ್ನು ಯಾರು ಬೇಕಾದರೂ ಓದಿ ತಿದ್ದಿ ಬಳಸುವಂತೆ ಬಿಡುಗಡೆ ಮಾಡಿತು. ಮಿಜಿಕೊವ್‌ಸ್ಕಿ ಹೊಸದೊಂದು ಪುಟ್ಟ ಕಂಪನಿ ಕಟ್ಟಿ, ಅದೇ ವರ್ಷ ಮತ್ತೆ ಗಡಿಯಾರಗಳನ್ನು ಜನರಿಗೆ ತಲುಪಿಸತೊಡಗಿದರು. ಹತ್ತು ವರ್ಷ ಹಿಂದೆ ಬರೆದ ಆ್ಯಪ್‌ಗಳು ಹೊಸ ಗಡಿಯಾರದ ಮೇಲೂ ನಡೆದವು. ಕಥೆ ಇಲ್ಲಿಗೆ ಪೂರ್ತಿ ಸುಖಾಂತವಾಯಿತೆಂದು ಹೇಳುವಂತಿಲ್ಲ. ಸ್ವಯಂಸೇವಕರು ಕಾಪಾಡಿದ ಭಂಡಾರವನ್ನು ಹೊಸ ಕಂಪನಿ ಬಳಸುವ ಬಗೆಯನ್ನು ಕುರಿತು 2025ರ ನವೆಂಬರಿನಲ್ಲಿ ಎರಡೂ ಕಡೆಯವರ ನಡುವೆ ಬಹಿರಂಗವಾಗಿಯೇ ಮನಸ್ತಾಪವಾಯಿತು. ಹಂಚಿದ ವಸ್ತುವನ್ನು ಕಾಯುವ ಹೊಣೆ ಯಾರದು, ಹಕ್ಕು ಯಾರದು ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ.

ನಮ್ಮ ಮನೆಯ ಮಕ್ಕಳಿಗೆ

ಇಂದು ಈ ಹವ್ಯಾಸಕ್ಕೆ ಕೈಹಾಕಲು ಬಯಸುವ ತರುಣ ತರುಣಿಯರ ಮುಂದೆ ಹಲವು ದಾರಿಗಳಿವೆ. ಆ್ಯಪಲ್ ಗಡಿಯಾರದ ಆ್ಯಪ್‌ಗಳನ್ನು ಅದರ ಭಂಡಾರದಲ್ಲಿಡಲು ವರ್ಷಕ್ಕೆ 99 ಡಾಲರ್ ಕೊಡಬೇಕು. ಹೊರಗಿನವರು ತಮ್ಮದೇ ಗಡಿಯಾರದ ಮುಖವನ್ನು ರಚಿಸಲು ಅಲ್ಲಿ ಅವಕಾಶವಿಲ್ಲ. ಗೂಗಲ್ ಭಂಡಾರಕ್ಕೆ ಒಮ್ಮೆ ಮಾತ್ರ 25 ಡಾಲರ್ ನೋಂದಣಿ ಶುಲ್ಕವಿದೆ. ಗಾರ್ಮಿನ್ ಗಡಿಯಾರಗಳಿಗೆ ಮಂಕಿ ಸಿ ಎಂಬ ಪ್ರತ್ಯೇಕ ಭಾಷೆಯಿದೆ. ಒಳಗಿನ ತಂತ್ರಾಂಶವನ್ನೆಲ್ಲ ತೆರೆದಿಟ್ಟು ಕಲಿಯುವವರನ್ನು ಕರೆಯುವ ಬ್ಯಾಂಗಲ್ ಜೆಎಸ್, ಪೈನ್‌ಟೈಮ್ ಮುಂತಾದ ಗಡಿಯಾರಗಳೂ ಇವೆ. ಗಡಿಯಾರ ಕೊಳ್ಳುವ ಮುನ್ನವೇ ಗಣಕದ ಪರದೆಯ ಮೇಲೆ ಅದರ ಪ್ರತಿರೂಪವನ್ನು ತಂದು ಅಭ್ಯಾಸ ಮಾಡುವ ಸೌಲಭ್ಯವೂ ಉಂಟು. ಆದುದರಿಂದ ಆರಂಭಕ್ಕೆ ಬೇಕಾದುದು ಒಂದು ಗಣಕ, ಸ್ವಲ್ಪ ಬಿಡುವು, ಬಹಳಷ್ಟು ತಾಳ್ಮೆ.

ಮಗ ಅಥವಾ ಮಗಳು ರಾತ್ರಿ ಹನ್ನೊಂದಾದರೂ ಪರದೆಯ ಮುಂದೆ ಕುಳಿತಿದ್ದರೆ ತಂದೆತಾಯಿಗಳಿಗೆ ಕಳವಳವಾಗುವುದು ಸಹಜ. ಅವರು ಏನು ಮಾಡುತ್ತಿದ್ದಾರೆಂದು ಒಮ್ಮೆ ಪಕ್ಕದಲ್ಲಿ ಕುಳಿತು ಕೇಳುವುದು ಒಳ್ಳೆಯದು. ಅನ್ಯರು ಮಾಡಿಟ್ಟುದನ್ನು ನೋಡುತ್ತ ಹೊತ್ತು ಕಳೆಯುವುದಕ್ಕೂ, ಅಜ್ಜಿಗೆ ಔಷಧಿಯ ವೇಳೆಯನ್ನು ನೆನಪಿಸುವ ನೂರು ಸಾಲುಗಳ ಆ್ಯಪ್ ಬರೆಯುವುದಕ್ಕೂ ಬಹಳ ಅಂತರವಿದೆ. ಎರಡನೆಯದರಲ್ಲಿ ಲೆಕ್ಕವಿದೆ, ಮಿತವ್ಯಯವಿದೆ, ತಪ್ಪನ್ನು ಹುಡುಕಿ ತಿದ್ದುವ ಸಹನೆಯಿದೆ. ಅದರಿಂದ ಹಣ ಬರುತ್ತದೆಂಬ ಆಸೆಯನ್ನು ಮಾತ್ರ ಮಕ್ಕಳಲ್ಲಿ ಬಿತ್ತಬಾರದು. ಬಹಳ ಜನರಿಗೆ ಬರುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಅವರಿಗೆ ಹೇಳಬೇಕು. ಬರೆದುದರ ಒಂದು ಪ್ರತಿಯನ್ನು ಸದಾ ತಮ್ಮ ಬಳಿ ಇಟ್ಟುಕೊಳ್ಳಲಿ. ಸಾಧ್ಯವಾದರೆ ಅದರ ಮೂಲವನ್ನು ನಾಲ್ಕು ಜನಕ್ಕೆ ಓದಲು ಕೊಡಲಿ. ಒಬ್ಬನ ಪೆಟ್ಟಿಗೆಯಲ್ಲಿದ್ದುದು ಆ ಪೆಟ್ಟಿಗೆಯೊಡನೆ ಹೋಗುತ್ತದೆ. ಹತ್ತು ಜನರ ಕೈಗೆ ಹೋದುದನ್ನು ಅವರಲ್ಲಿ ಯಾರಾದರೊಬ್ಬರು ಜೋಪಾನ ಮಾಡಿರುತ್ತಾರೆ. ಪೆಬಲ್ ಗಡಿಯಾರ ಉಳಿದುದು ಹಾಗೆಯೇ. ಊರ ರಿಪೇರಿ ಅಂಗಡಿಯವನು ಯಾರದೋ ಕಾರ್ಖಾನೆಯ ಗಡಿಯಾರವನ್ನು ತನ್ನದೆಂಬಂತೆ ಎತ್ತಿಕೊಂಡು ಧೂಳು ಒರೆಸಿದನಲ್ಲವೆ? ಮುಂಗೈ ಮೇಲಿನ ಗಣಕಕ್ಕೂ ಅಂತಹ ಕೈಗಳು ಬೇಕು. ಅವು ನಮ್ಮ ಮನೆಗಳಿಂದಲೂ ಬರಲಿ.