ಶೇ 40ರ ಗೆರೆ

ಹುಡುಗನಿಗೆ ಕಿವಿ ಮಂದ ಎಂಬುದು ಮನೆಗೆ ಗೊತ್ತು, ಶಾಲೆಗೆ ಗೊತ್ತು, ಊರಿಗೂ ಗೊತ್ತು. ಸರ್ಕಾರಕ್ಕೆ ಮಾತ್ರ ಗೊತ್ತಿರುವುದಿಲ್ಲ. ತಾನಾಗಿ ಯಾರೂ ಬಂದು ಬರೆದುಕೊಂಡು ಹೋಗುವುದಿಲ್ಲ. ಕಡೂರು, ತರೀಕೆರೆ ಕಡೆಯ ಹಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆಯ ಮೇಲೆ ಬಂದಾಗ ಈ ಕಾಗದಕ್ಕಾಗಿ ಪರದಾಡುವ ಪೋಷಕರುಂಟು.

ಮೊದಲು ಬೇಕಾದದ್ದು ಯುಡಿಐಡಿ ಕಾರ್ಡು, ಅಂದರೆ 18 ಅಂಕಿಗಳ ಗುರುತಿನ ಚೀಟಿ. 'ಸ್ವಾವಲಂಬನ್' ಜಾಲತಾಣದಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯನ್ನು ಆರಿಸಿ, ವೈದ್ಯರ ತಪಾಸಣೆಗೆ ಹೋಗಬೇಕು. ಕಂಪ್ಯೂಟರ್ ಗೊತ್ತಿಲ್ಲ ಎಂದು ಹಿಂಜರಿಯಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವುದೇ ಇದಕ್ಕೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲೂ ಇದೆ. ಹೊಸ ತಾಲ್ಲೂಕಾದ ಅಜ್ಜಂಪುರದ ಕೂಲಿಯವರಿಗೆ ಜಿಲ್ಲಾ ಆಸ್ಪತ್ರೆಯ ದಾರಿ ಒಂದು ದಿನದ ಸಂಬಳ ನುಂಗುತ್ತದೆ. ಸಂಬಂಧಪಟ್ಟ ತಜ್ಞರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿಕೊಂಡೇ ಹೊರಡುವುದು ಲೇಸು.

ಇನ್ನು ಶೇಕಡಾವಾರು ಲೆಕ್ಕ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಇವೆ. ಆದರೆ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಇರಲೇಬೇಕು. ಇದು ವೈದ್ಯರ ಅಂದಾಜಲ್ಲ, ಕೇಂದ್ರ ಸರ್ಕಾರದ ಕೋಷ್ಟಕದಂತೆ ಬರುವ ಅಂಕಿ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಲೆಕ್ಕ ಶೇ 30ಕ್ಕೇ ನಿಲ್ಲುತ್ತದೆ! ಅಳೆಯುವುದು ಒಟ್ಟು ನೋಟವನ್ನೇ ಹೊರತು ಹೋದ ಕಣ್ಣನ್ನಲ್ಲ. ತಂದೆತಾಯಿಗೆ ಇದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ.

ಹಾಗೆಂದು ಆ ಪ್ರಮಾಣಪತ್ರವನ್ನು ಮೂಲೆಗೆ ಎಸೆಯಬಾರದು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪು ಕೊಟ್ಟಿತು: ಶೇ 40 ಇಲ್ಲವೆಂಬ ಒಂದೇ ಕಾರಣಕ್ಕೆ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸುವಂತಿಲ್ಲ.

ಗೆರೆ ದಾಟಿದವರಿಗೆ ಬಾಗಿಲುಗಳು ಹಲವು. 9 ಮತ್ತು 10ನೇ ತರಗತಿಯವರಿಗೆ ಕೇಂದ್ರದ ವಿದ್ಯಾರ್ಥಿವೇತನವಿದೆ. ಪೋಷಕರ ವರಮಾನ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ಮೀರಿರಬಾರದು. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಕೆಳಹಂತದ ಮೊತ್ತ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು. ರಿಯಾಯಿತಿ ಬಸ್ ಪಾಸು ಊರಿನಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಶಿವಮೊಗ್ಗ, ಚಿಕ್ಕಮಗಳೂರಿಗೆ ಸರಿ, ಬೆಂಗಳೂರಿಗೆ ಸಾಲದು. ಮುಂದೆ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳು ಮೀಸಲು.

ವಿದ್ಯಾರ್ಥಿಗಳು ಹೆಚ್ಚು ಮರೆಯುವುದು ಪರೀಕ್ಷೆಯ ಅನುಕೂಲಗಳನ್ನೇ. ಹೆಚ್ಚುವರಿ ಸಮಯ, ಲಿಪಿಕಾರ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವೆಲ್ಲ ಕಾಯ್ದೆಯಲ್ಲೇ ಹೆಸರಿಸಿದವು. ಪರೀಕ್ಷಾ ಅರ್ಜಿ ತುಂಬುವ ಹೊತ್ತಿಗೆ ಕಾಗದ ಮುಖ್ಯೋಪಾಧ್ಯಾಯರ ಕೈಯಲ್ಲಿರಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಅವರೂ ಕೈ ಚೆಲ್ಲಬೇಕಾದೀತು. ಎಂಟನೇ ತರಗತಿ ಮುಗಿದ ಬೇಸಿಗೆ ರಜೆ ಈ ಓಡಾಟಕ್ಕೆ ತಕ್ಕ ಕಾಲ.