ಕಂಬಕ್ಕೊಬ್ಬ ಯಜಮಾನ

ಮಕ್ಕಳೇ, ಗೋಡೆಯೇ ಇಲ್ಲದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುತ್ತಲೂ ಕಂಬಗಳು, ಮೇಲೆ ಬೋರಲು ಹಾಕಿದ ಬುಟ್ಟಿಯಂಥ ಚಾವಣಿ, ನೆಲಕ್ಕೆ ಚಾಪೆ. ಗಾಳಿಮಳೆ ಜೋರಾದಾಗ ಮಾತ್ರ ತೆಂಗಿನ ಗರಿಯ ತಟ್ಟಿಗಳನ್ನು ಇಳಿಬಿಡುತ್ತಾರೆ. ಒಳಗೆ ಯಾರು ಕೂತಿದ್ದಾರೆ, ಯಾರು ಮಾತಾಡುತ್ತಿದ್ದಾರೆ ಎಂಬುದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಇದು ಸಮೋವಾದ ಸಾಂಪ್ರದಾಯಿಕ ಮನೆ. ಅವರ ಭಾಷೆಯಲ್ಲಿ ಇದರ ಹೆಸರು ‘ಫಾಲೆ’. ಊರಿನ ಹಿರಿಯರು ಸಭೆ ಸೇರುವುದೂ ಇಂಥದೇ ಒಂದು ದೊಡ್ಡ ಫಾಲೆಯಲ್ಲಿ.

ಭೂಪಟದಲ್ಲಿ ಸಮೋವಾ ಹುಡುಕಬೇಕೆಂದರೆ ಹವಾಯಿ ದ್ವೀಪಗಳ ಮೇಲೆ ಒಂದು ಬೆರಳು, ನ್ಯೂಜಿಲೆಂಡ್ ಮೇಲೆ ಇನ್ನೊಂದು ಬೆರಳು ಇಡಿ. ಇವೆರಡರ ನಡುವೆ ಪೆಸಿಫಿಕ್ ಸಾಗರದಲ್ಲಿ ಸಾಸಿವೆ ಚೆಲ್ಲಿದಂತೆ ಕಾಣುವ ಚುಕ್ಕಿಗಳೇ ಸಮೋವಾ. ಸವಾಯಿ ಮತ್ತು ಉಪೋಲು ಎಂಬವು ದೊಡ್ಡ ದ್ವೀಪಗಳು. ರಾಜಧಾನಿ ಅಪಿಯಾ ಇರುವುದು ಉಪೋಲುವಿನಲ್ಲಿ. ದೇಶದ ಜನಸಂಖ್ಯೆ ಸುಮಾರು 2 ಲಕ್ಷ.

ನಾನು ಬಹಳ ವರ್ಷ ಶಾಲೆಯಲ್ಲಿ ಇತಿಹಾಸ ಪಾಠ ಹೇಳಿದವನು. ನಮ್ಮ ಪಾಠಗಳಲ್ಲಿ ರಾಜ್ಯಾಡಳಿತ ಎಂದರೆ ಮೊದಲು ಸಿಂಹಾಸನ, ಆಮೇಲೆ ಕೋಟೆ, ಆಮೇಲೆ ಯುದ್ಧ. ಸಮೋವಾದ ಕತೆಯನ್ನು ಓದತೊಡಗಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕಂಬ. ಅಲ್ಲಿನ ಸಭೆಯಲ್ಲಿ ಒಬ್ಬೊಬ್ಬ ಹಿರಿಯರಿಗೂ ಒಂದೊಂದು ಕಂಬದ ಬುಡದಲ್ಲಿ ಜಾಗ. ಯಾರು ಯಾವ ಕಂಬಕ್ಕೆ ಒರಗಿ ಕೂರಬೇಕೆಂಬುದು ಊರಿಗೆಲ್ಲ ಗೊತ್ತು.

ಹೆಸರೇ ಹುದ್ದೆ

ಹೀಗೆ ಕಂಬಕ್ಕೆ ಒರಗಿ ಕೂರುವವರನ್ನು ‘ಮತಾಯಿ’ ಎನ್ನುತ್ತಾರೆ. ಮತಾಯಿ ಎಂದರೆ ಕುಟುಂಬದ ಯಜಮಾನ. ಕುಟುಂಬಕ್ಕೆ ‘ಐಂಗಾ’ ಎಂದು ಹೆಸರು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಮಾತ್ರ ಸೇರಿದರೆ ಐಂಗಾ ಆಗುವುದಿಲ್ಲ. ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಅವರ ಮಕ್ಕಳು, ಮೊಮ್ಮಕ್ಕಳು, ದತ್ತು ಬಂದವರು ಎಲ್ಲರೂ ಸೇರಿದ ದೊಡ್ಡ ಬಳಗ ಅದು.

ಪ್ರತಿ ಬಳಗಕ್ಕೂ ತಲೆಮಾರುಗಳಿಂದ ಬಂದ ಒಂದು ಹೆಸರು ಇರುತ್ತದೆ. ಆ ಹೆಸರನ್ನು ಹೊತ್ತವರೇ ಮತಾಯಿ. ಅವರು ತೀರಿಕೊಂಡರೆ ಹಿರಿಮಗನಿಗೆ ತಾನೇ ತಾನಾಗಿ ಪಟ್ಟ ಸಿಗುವುದಿಲ್ಲ. ಬಳಗದವರೆಲ್ಲ ಕೂತು ಮಾತಾಡಿ, ಒಮ್ಮತಕ್ಕೆ ಬಂದು, ತಕ್ಕವರನ್ನು ಆರಿಸುತ್ತಾರೆ. ತಮ್ಮನಿಗೆ ಬರಬಹುದು, ಅಣ್ಣನ ಮಗನಿಗೆ ಬರಬಹುದು, ಹೆಣ್ಣುಮಗಳಿಗೂ ಬರಬಹುದು.

ಹಾಗಾದರೆ ತಕ್ಕವರು ಯಾರು? ಇದಕ್ಕೆ ಸಮೋವಾದಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಗಾದೆಯಿದೆ: ‘ಓ ಲೆ ಆಲಾ ಇ ಲೆ ಪುಲೆ ಓ ಲೆ ತೌತುವಾ.’ ಅಧಿಕಾರಕ್ಕೆ ಹೋಗುವ ದಾರಿ ಸೇವೆ ಎಂದು ಇದರ ಅರ್ಥ. ಮೊದಲು ಹಿರಿಯರಿಗೆ ಅಡುಗೆ ಮಾಡಿ ಬಡಿಸಬೇಕು, ತೋಟದಲ್ಲಿ ದುಡಿಯಬೇಕು, ಮೀನು ಹಿಡಿದು ತರಬೇಕು. ಇಷ್ಟೆಲ್ಲ ಮಾಡಿದವರು ಆಮೇಲೆ ಯಜಮಾನಿಕೆ ಕೇಳಲಿ ಎಂಬುದು ಅಲ್ಲಿನವರ ಲೆಕ್ಕ. ಹೆಸರಿನ ಜೊತೆಗೆ ಬಳಗದ ಜಮೀನಿನ ಉಸ್ತುವಾರಿಯೂ ಬರುತ್ತದೆ. ಆದರೆ ಅದನ್ನು ಮಾರುವ ಹಕ್ಕು ಬರುವುದಿಲ್ಲ. ಇಂದಿಗೂ ಸಮೋವಾದ ನೆಲದಲ್ಲಿ ಶೇ. 80ರಷ್ಟು ಹೀಗೆ ಬಳಗಗಳ ಕೈಯಲ್ಲೇ ಇದೆ.

ಮಾತಿನ ಯಜಮಾನರು

ಮತಾಯಿಗಳಲ್ಲಿ ಎರಡು ಬಗೆ. ‘ಅಲಿಈ’ ಎಂಬವರು ಗೌರವದ ಮುಖ್ಯಸ್ಥರು. ‘ತುಲಾಫಾಲೆ’ ಎಂಬವರು ಮಾತಿನ ಮುಖ್ಯಸ್ಥರು. ಸಭೆಯಲ್ಲಿ ಎದ್ದುನಿಂತು, ಕೈಯಲ್ಲಿ ಉದ್ದದ ಕೋಲು ಹಿಡಿದು, ತೆಂಗಿನ ನಾರಿನ ಚಾಮರವನ್ನು ಹೆಗಲ ಮೇಲೆ ಹಾಕಿಕೊಂಡು ಭಾಷಣ ಮಾಡುವುದು ತುಲಾಫಾಲೆಯ ಕೆಲಸ. ಪ್ರತಿ ಊರಿಗೂ ಅದರದೇ ಆದ ಗೌರವದ ಸಂಬೋಧನೆಗಳಿವೆ. ಯಾವ ಮನೆತನವನ್ನು ಯಾವ ಮಾತಿನಿಂದ ಕರೆಯಬೇಕು, ಯಾರ ಹೆಸರಿನ ನಂತರ ಯಾರ ಹೆಸರು ಬರಬೇಕು ಎಂಬುದೆಲ್ಲ ತುಲಾಫಾಲೆಗೆ ಬಾಯಿಪಾಠವಾಗಿರಬೇಕು.

ಊರಿನ ಮತಾಯಿಗಳ ಸಭೆಗೆ ‘ಫೋನೊ’ ಎನ್ನುತ್ತಾರೆ. ಸಭೆಯ ಆರಂಭದಲ್ಲಿ ‘ಅವಾ’ ಎಂಬ ಪಾನೀಯ ಹಂಚುತ್ತಾರೆ. ಅದು ನಮ್ಮ ಕರಿಮೆಣಸಿನ ಬಳಗಕ್ಕೇ ಸೇರಿದ ಒಂದು ಗಿಡದ ಬೇರನ್ನು ಕುಟ್ಟಿ ನೀರಿನಲ್ಲಿ ಕಲಸಿ ಮಾಡಿದ್ದು. ತೆಂಗಿನ ಚಿಪ್ಪು ಯಾರ ಕೈಗೆ ಯಾವ ಸರದಿಯಲ್ಲಿ ಹೋಗುತ್ತದೆ ಎಂಬುದರಲ್ಲೇ ಅವರವರ ಸ್ಥಾನ ತಿಳಿಯುತ್ತದೆ. ಆಮೇಲೆ ಮಾತು ಶುರು. ಕೈಯೆತ್ತಿಸಿ ಎಣಿಸುವ ಪದ್ಧತಿ ಇಲ್ಲ. ಎಲ್ಲರೂ ಒಂದು ಮಾತಿಗೆ ಬರುವ ತನಕ ಚರ್ಚೆ ನಡೆಯುತ್ತದೆ. ತಪ್ಪು ಮಾಡಿದವರ ಕುಟುಂಬಕ್ಕೆ ಹಂದಿ, ಚಾಪೆ, ಆಹಾರ ಇವುಗಳ ದಂಡ ಬೀಳುತ್ತದೆ. ಊರಿನಿಂದ ಹೊರಹಾಕುವುದು ಎಲ್ಲಕ್ಕಿಂತ ಕಠಿಣ ಶಿಕ್ಷೆ.

ಘೋರ ತಪ್ಪಾದಾಗ ‘ಇಫೋಂಗಾ’ ಎಂಬ ಪದ್ಧತಿಯಿದೆ. ತಪ್ಪಿತಸ್ಥನ ಬಳಗದವರು ನೊಂದವರ ಮನೆಯ ಮುಂದೆ ಹೋಗಿ, ತಲೆಯ ಮೇಲೆ ಬೆಲೆಬಾಳುವ ನಯವಾದ ಚಾಪೆ ಹೊದ್ದು, ತಲೆ ತಗ್ಗಿಸಿ ಕೂರುತ್ತಾರೆ. ಮನೆಯವರು ಬಂದು ಆ ಚಾಪೆ ಎತ್ತಿದರೆ ಕ್ಷಮಿಸಿದರು ಎಂದರ್ಥ. ಎತ್ತುವ ತನಕ ಬಿಸಿಲಲ್ಲೇ ಕಾಯಬೇಕು. ತಪ್ಪು ಒಬ್ಬನದಾದರೂ ತಲೆ ತಗ್ಗಿಸುವುದು ಇಡೀ ಬಳಗ.

ನಾಲ್ಕು ಪಟ್ಟದ ರಾಣಿ, ಮೂರು ದೇಶಗಳ ಜಗಳ

ಊರಿನ ಮೇಲೆ ಜಿಲ್ಲೆ, ಜಿಲ್ಲೆಯ ಮೇಲೆ ದೊಡ್ಡ ಪಟ್ಟಗಳು. ನಾಲ್ಕು ದೊಡ್ಡ ಪಟ್ಟಗಳು ಒಬ್ಬರಲ್ಲೇ ಸೇರಿದರೆ ಅವರನ್ನು ‘ತಫಾಯಿಫಾ’ ಎಂದು ಕರೆಯುತ್ತಿದ್ದರು. ಬಾಯಿಂದ ಬಾಯಿಗೆ ಬಂದ ಇತಿಹಾಸದ ಪ್ರಕಾರ, ನಾಲ್ಕನ್ನೂ ಮೊದಲು ಪಡೆದವಳು ಒಬ್ಬ ಹೆಣ್ಣುಮಗಳು, ಸಲಮಸಿನಾ. ನೂರಾರು ವರ್ಷಗಳ ಹಿಂದಿನ ಆ ರಾಣಿಯ ಹೆಸರನ್ನು ಸಮೋವಾದವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

19ನೇ ಶತಮಾನದಲ್ಲಿ ಪಟ್ಟಕ್ಕಾಗಿ ಮನೆತನಗಳ ನಡುವೆ ಕಾದಾಟ ನಡೆಯುತ್ತಿತ್ತು. ಜರ್ಮನಿ, ಬ್ರಿಟನ್, ಅಮೆರಿಕ ಮೂರೂ ದೇಶಗಳು ಒಬ್ಬೊಬ್ಬರ ಬೆನ್ನಿಗೆ ನಿಂತು ಬೆಂಕಿಗೆ ತುಪ್ಪ ಸುರಿದವು. 1889ರ ಮಾರ್ಚ್‌ನಲ್ಲಿ ಮೂರೂ ದೇಶಗಳ ಯುದ್ಧನೌಕೆಗಳು ಅಪಿಯಾ ಬಂದರಿನಲ್ಲಿ ಒಂದನ್ನೊಂದು ದುರುಗುಟ್ಟಿ ನೋಡುತ್ತಿದ್ದಾಗ ಭಾರಿ ಚಂಡಮಾರುತ ಎದ್ದಿತು. ಜರ್ಮನಿಯ ಮೂರು, ಅಮೆರಿಕದ ಮೂರು ನೌಕೆಗಳು ಮುಳುಗಿದವು ಇಲ್ಲವೇ ದಡಕ್ಕೆ ಬಡಿದವು. ಸಮುದ್ರಕ್ಕೆ ನುಗ್ಗಿ ಪಾರಾದದ್ದು ಬ್ರಿಟನ್ನಿನ ‘ಕ್ಯಾಲಿಯೋಪ್’ ಒಂದೇ.

‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ ತನ್ನ ಕೊನೆಯ ವರ್ಷಗಳನ್ನು ಇಲ್ಲೇ ಕಳೆದ. ಜನ ಆತನನ್ನು ‘ತುಸಿತಾಲಾ’, ಅಂದರೆ ಕತೆಗಾರ, ಎಂದು ಕರೆದರು. ಸೆರೆಮನೆ ಸೇರಿದ್ದ ಮುಖ್ಯಸ್ಥರಿಗೆ ಆತ ನೆರವಾದ. ಬಿಡುಗಡೆಯಾದ ಮೇಲೆ ಅವರು ಆ ಉಪಕಾರಕ್ಕಾಗಿ ಆತನ ಮನೆಗೆ ತಾವೇ ದುಡಿದು ರಸ್ತೆ ಮಾಡಿಕೊಟ್ಟರು. ಅದಕ್ಕೆ ಪ್ರೀತಿಯ ಹೃದಯಗಳ ರಸ್ತೆ ಎಂದು ಹೆಸರಿಟ್ಟರು.

1899ರಲ್ಲಿ ಮೂರು ದೇಶಗಳು ಒಪ್ಪಂದ ಮಾಡಿಕೊಂಡು ಸಮೋವಾವನ್ನು ಹಂಚಿದವು. ಪಶ್ಚಿಮ ಭಾಗ ಜರ್ಮನಿಗೆ, ಪೂರ್ವ ಭಾಗ ಅಮೆರಿಕಕ್ಕೆ. ಆ ಪೂರ್ವ ಭಾಗ ಇಂದಿಗೂ ಅಮೆರಿಕನ್ ಸಮೋವಾ. ಜರ್ಮನ್ ಆಡಳಿತವನ್ನು ವಿರೋಧಿಸಿದ ಲೌವಾಕಿ ಎಂಬ ಮಹಾ ಮಾತುಗಾರನನ್ನು 1909ರಲ್ಲಿ ದೂರದ ಸೈಪಾನ್ ದ್ವೀಪಕ್ಕೆ ಗಡಿಪಾರು ಮಾಡಿದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ನ್ಯೂಜಿಲೆಂಡ್ ಸೈನ್ಯ ಬಂದು ಪಶ್ಚಿಮ ಸಮೋವಾವನ್ನು ವಶಪಡಿಸಿಕೊಂಡಿತು.

ಒಂದು ಹಡಗು ತಂದ ಸಾವು

ಅಜ್ಜ ಅಜ್ಜಿಯರೇ, ಈ ಭಾಗವನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. 1918ರ ನವೆಂಬರ್ 7ರಂದು ‘ಟಲೂನ್’ ಎಂಬ ಹಡಗು ಆಕ್ಲೆಂಡ್‌ನಿಂದ ಅಪಿಯಾಕ್ಕೆ ಬಂತು. ಅದರಲ್ಲಿ ಇನ್‌ಫ್ಲುಯೆಂಜಾ ರೋಗಿಗಳಿದ್ದರು. ಅಧಿಕಾರಿಗಳು ಅವರನ್ನು ತಡೆದು ನಿಲ್ಲಿಸಲಿಲ್ಲ. ಕೆಲವೇ ವಾರಗಳಲ್ಲಿ ಸುಮಾರು 8,500 ಜನ ಸತ್ತರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು! ಪಕ್ಕದ ಅಮೆರಿಕನ್ ಸಮೋವಾದಲ್ಲಿ ಹಡಗುಗಳನ್ನು ಬಂದರಿನ ಹೊರಗೇ ತಡೆದರು; ಅಲ್ಲಿ ಈ ರೋಗದಿಂದ ಒಬ್ಬರೂ ಸಾಯಲಿಲ್ಲ.

ಸತ್ತವರಲ್ಲಿ ಮತಾಯಿಗಳು ಬಹಳ ಮಂದಿ. ಊರಿನ ವಂಶಾವಳಿ, ಸಂಬೋಧನೆ, ಜಮೀನಿನ ಗಡಿ, ಹಳೆಯ ತೀರ್ಪು ಎಲ್ಲವೂ ಅವರ ನೆನಪಿನಲ್ಲಿದ್ದವು. ಕಿರಿಯರಿಗೆ ಹೇಳಿಕೊಡಲು ಹೊತ್ತೇ ಸಿಗಲಿಲ್ಲ. ಪುಸ್ತಕ ಸುಟ್ಟರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಇವರ ಜೊತೆಗೆ ಹೋದ ಮಾತು ಮರಳಿ ಸಿಗಲಿಲ್ಲ.

ಕೊಟ್ಟವರು ಯಾರು, ಕಸಿದವರು ಯಾರು?

ಈ ದುಃಖ ಆರುವ ಮೊದಲೇ ಇನ್ನೊಂದು ಗಾಯವಾಯಿತು. ಸರಕಾರದ ಮಾತು ಕೇಳದ ಮತಾಯಿಗಳ ಪದವಿಯನ್ನೇ ಕಸಿಯುವ, ಅವರನ್ನು ಊರಿನಿಂದ ಗಡಿಪಾರು ಮಾಡುವ ಕಾನೂನನ್ನು ನ್ಯೂಜಿಲೆಂಡ್ ಆಡಳಿತ ತಂದಿತು. ಜನ ಕೆರಳಿದರು. ಹೆಸರು ಕೊಟ್ಟದ್ದು ಬಳಗ. ಅದನ್ನು ಕಿತ್ತುಕೊಳ್ಳಲು ಹೊರಗಿನವರು ಯಾರು? ನನ್ನ ಮಟ್ಟಿಗೆ ಸಮೋವಾದ ಸ್ವಾತಂತ್ರ್ಯ ಹೋರಾಟದ ಬೀಜ ಈ ಪ್ರಶ್ನೆಯಲ್ಲಿದೆ.

1920ರ ದಶಕದಲ್ಲಿ ‘ಮೌ’ ಎಂಬ ಚಳವಳಿ ಹಬ್ಬಿತು. ಸಮೋವಾ ಸಮೋವಾದವರಿಗೇ ಎಂಬುದು ಅದರ ಘೋಷಣೆ. ಬಿಳಿಯ ಪಟ್ಟಿಯಿರುವ ನೀಲಿ ಲುಂಗಿ ಅದರ ಸಮವಸ್ತ್ರ. ತೆರಿಗೆ ಕೊಡಲಿಲ್ಲ, ಸರಕಾರಿ ಸಭೆಗಳಿಗೆ ಹೋಗಲಿಲ್ಲ, ಆಯುಧ ಹಿಡಿಯಲಿಲ್ಲ. 1929ರ ಡಿಸೆಂಬರ್ 28ರ ಶನಿವಾರ ಅಪಿಯಾದಲ್ಲಿ ಮೆರವಣಿಗೆ ಹೊರಟಿತು. ಒಬ್ಬ ನಾಯಕನನ್ನು ಪೊಲೀಸರು ಬಂಧಿಸಲು ಹೋದಾಗ ನೂಕಾಟವಾಯಿತು, ಗುಂಡು ಹಾರಿತು. ಒಬ್ಬ ಪೊಲೀಸನೂ ಸತ್ತ. ಮೌ ನಾಯಕ ತುಪುವಾ ತಮಸೇಸೆ ಲೆಅಲೋಫಿ ತನ್ನವರಿಗೆ ಶಾಂತರಾಗಿರಿ ಎಂದು ಕೂಗಿ ಹೇಳುತ್ತಿದ್ದಾಗಲೇ ಗುಂಡು ತಗಲಿತು. ಮರುದಿನ ಆತ ಪ್ರಾಣ ಬಿಟ್ಟ. ಇನ್ನೂ ಹಲವರು ಸತ್ತರು. ತನ್ನ ರಕ್ತಕ್ಕೆ ಸೇಡು ತೀರಿಸಬೇಡಿ, ಶಾಂತಿ ಕೆಡಿಸಬೇಡಿ ಎಂಬುದೇ ಸಾಯುವ ಮುನ್ನ ಆತ ಹೇಳಿದ ಮಾತು. ಜನ ಆ ಮಾತನ್ನು ಉಳಿಸಿಕೊಂಡರು. ಗಂಡಸರು ಕಾಡಿನಲ್ಲಿ ಅಡಗಬೇಕಾಗಿ ಬಂದಾಗ ಹೆಂಗಸರು ಚಳವಳಿಯನ್ನು ನಡೆಸಿದರು.

1962ರ ಜನವರಿ 1ರಂದು ಪಶ್ಚಿಮ ಸಮೋವಾ ಸ್ವತಂತ್ರವಾಯಿತು. 20ನೇ ಶತಮಾನದಲ್ಲಿ ಪೆಸಿಫಿಕ್‌ನ ದ್ವೀಪ ದೇಶಗಳಲ್ಲಿ ಇದೇ ಮೊದಲನೆಯದು. 1997ರಲ್ಲಿ ಹೆಸರಿನಿಂದ ‘ಪಶ್ಚಿಮ’ ಪದ ಬಿಟ್ಟು ಬರೀ ಸಮೋವಾ ಆಯಿತು. 2002ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಅಪಿಯಾಕ್ಕೆ ಬಂದು, ಆ ರೋಗದ ಹಡಗಿಗೂ ಆ ಶನಿವಾರದ ಗುಂಡಿಗೂ ಕ್ಷಮೆ ಕೇಳಿದರು.

ಹಳೆಯ ಕಂಬ, ಹೊಸ ಪ್ರಶ್ನೆ

ಹೊಸ ದೇಶ ಹಳೆಯ ಪದ್ಧತಿಯನ್ನು ಕೈಬಿಡಲಿಲ್ಲ. ಸಂಸತ್ತನ್ನೂ ‘ಫೋನೊ’ ಎಂದೇ ಕರೆಯುತ್ತಾರೆ. ಆದರೆ ಮೊದಮೊದಲು ಹೆಚ್ಚುಕಡಿಮೆ ಮತಾಯಿಗಳಿಗೆ ಮಾತ್ರ ಮತದಾನದ ಹಕ್ಕಿತ್ತು. 1990ರ ಜನಾಭಿಪ್ರಾಯದ ನಂತರ 21 ವರ್ಷ ತುಂಬಿದ ಎಲ್ಲರಿಗೂ ಅದು ಸಿಕ್ಕಿತು. ಚುನಾವಣೆಗೆ ನಿಲ್ಲಲು ಮಾತ್ರ ಮತಾಯಿಯೇ ಆಗಿರಬೇಕು. ಮತಾಯಿಗಳಲ್ಲಿ ಹೆಂಗಸರು ಕಡಿಮೆ. ಆದ್ದರಿಂದ ಸಂಸತ್ತಿನಲ್ಲಿ ಶೇ. 10ರಷ್ಟಾದರೂ ಹೆಂಗಸರಿರಬೇಕೆಂದು 2013ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದರು.

ಮೊದಲ ಪ್ರಧಾನಿಯ ಮಗಳು ಫಿಯಾಮೆ ನವೋಮಿ ಮತಾಫಾ. ತಂದೆಯ ‘ಫಿಯಾಮೆ’ ಪದವಿ ಮುಂದೆ ಅವರಿಗೇ ಬಂತು. 2021ರ ಚುನಾವಣೆಯ ನಂತರ ಅವರು ಪ್ರಮಾಣ ವಚನಕ್ಕೆ ಬಂದಾಗ ಸಂಸತ್ ಭವನಕ್ಕೆ ಬೀಗ ಹಾಕಿತ್ತು. ಹೊರಗಿನ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಅಲ್ಲೇ ಪ್ರಮಾಣ ಮಾಡಿದರು. ಎರಡು ತಿಂಗಳ ಮೇಲೆ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅವರು ದೇಶದ ಮೊದಲ ಮಹಿಳಾ ಪ್ರಧಾನಿಯಾದರು.

ಪದವಿ ಇಲ್ಲದವರು ಚುನಾವಣೆಗೆ ನಿಲ್ಲಬಾರದೆಂಬುದು ನನಗೆ ಒಪ್ಪಿಗೆಯಿಲ್ಲ. ಸೇವೆ ಮಾಡದವರು ಯಜಮಾನಿಕೆ ಕೇಳಬಾರದೆಂಬುದು ಪೂರ್ತಿ ಒಪ್ಪಿಗೆ. ನೀವೇನು ಹೇಳುತ್ತೀರಿ?

ಈ ಭಾನುವಾರ ಮನೆಯಲ್ಲೇ ಒಂದು ಫೋನೊ ನಡೆಸಿ ನೋಡಿ. ಅಜ್ಜ, ಅಜ್ಜಿ, ಮಕ್ಕಳು ಎಲ್ಲರೂ ದುಂಡಗೆ ಚಾಪೆಯ ಮೇಲೆ ಕೂರಿ. ರಜೆಯಲ್ಲಿ ಎಲ್ಲಿಗೆ ಹೋಗುವುದು ಎಂಬ ಒಂದೇ ವಿಷಯ ಸಾಕು. ಮತ ಹಾಕುವಂತಿಲ್ಲ, ಅಡ್ಡಬಾಯಿ ಹಾಕುವಂತಿಲ್ಲ, ಎಲ್ಲರೂ ಒಪ್ಪುವ ತನಕ ಏಳುವಂತಿಲ್ಲ. ಕೂರುವ ಮೊದಲು ಗಡಿಯಾರ ನೋಡಿಕೊಳ್ಳಿ. ಪಾನೀಯಕ್ಕೆ ಅವಾ ಸಿಗದಿದ್ದರೆ ಮಜ್ಜಿಗೆ ನಡೆಯುತ್ತದೆ, ಆದರೆ ಮೊದಲ ಲೋಟ ಯಾರಿಗೆ ಎಂಬುದನ್ನೂ ನೀವೇ ಮಾತಾಡಿ ತೀರ್ಮಾನಿಸಬೇಕು.